ಪದ ಬೇಕು: ‘ವೃತ್ತಿ ಪುನರ್ವಸತಿ’ಗೆ ಬಾಗಲಕೋಟೆಯಲ್ಲಿ ಏನನ್ನೋಣ?

ಬಾಗಲಕೋಟೆಯಿಂದ:
ಬಲ್ಲವರಲ್ಲಿ ಒಂದು ತುರ್ತು ಪ್ರಶ್ನೆ. ನವನಗರದಲ್ಲಿ ಒಂದು ಸಣ್ಣ ಕೇಂದ್ರಕ್ಕೆ ಬೋರ್ಡು ಬರೆಸಬೇಕು, ಪೇಂಟರ್ ಸೋಮವಾರ ಬರುತ್ತಾನೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು, ಲಕ್ವ ಆದವರು, ಮೆದುಳು ಜ್ವರದಿಂದ ಎದ್ದವರು, ಇಂಥವರನ್ನು ಮತ್ತೆ ದುಡಿಮೆಗೆ ಹಚ್ಚುವುದು ಈ ಕೇಂದ್ರದ ಕೆಲಸ. ನನ್ನ ಕೈಗೆ ಬಂದ ಕರಡಿನಲ್ಲಿ ‘ಮೆದುಳು ಗಾಯಾಳುಗಳ ವೃತ್ತಿ ಪುನರ್ವಸತಿ ಕೇಂದ್ರ’ ಎಂದಿದೆ.

ಈ ಜಿಲ್ಲೆಯಲ್ಲಿ ‘ಪುನರ್ವಸತಿ ಕೇಂದ್ರ’ ಅಂದರೆ ಮುಳುಗಡೆಯವರ ಹೊಸ ಊರು. ಆಲಮಟ್ಟಿ ಹಿನ್ನೀರಿಗೆ ಮನೆ ಹೊಲ ಬಿಟ್ಟವರು, ಪ್ಲಾಟು, ಹಕ್ಕುಪತ್ರ, ಪರಿಹಾರ. ಅಣೆಕಟ್ಟಿನ ನೀರಿನ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸುವ ಮಾತು ಇರುವತನಕ ಆ ಪದಕ್ಕೆ ಇಲ್ಲಿ ಬೇರೆ ಅರ್ಥ ಹತ್ತುವುದಿಲ್ಲ. ಪರಿಹಾರದ ಕಾಗದ ಹಿಡಿದವರು ಒಳಗೆ ಬರುತ್ತಾರೆ, ಬರಬೇಕಾದವರು ಮುಂದೆ ಹೋಗಿಬಿಡುತ್ತಾರೆ. ‘ಗಾಯಾಳು’ ಕೂಡ ಒಪ್ಪುತ್ತಿಲ್ಲ. ಗಾಯ ಮಾಯ್ದು ವರ್ಷವಾದವನು ಗಾಯಾಳು ಹೇಗೆ? ಲಕ್ವ ಆದವನಿಗೆ ಗಾಯವೇ ಇಲ್ಲ.

ಬೆಳಗಾವಿಯಿಂದ:
‘ಪುನರ್ವಸತಿ’ ಬಿಡಲು ಕಾರಣ ಕಾಣುವುದಿಲ್ಲ. ‘ವಸತಿ’ಯ ತದ್ಭವವೇ ‘ಬಸದಿ’. ಸಾವಿರ ವರ್ಷದಿಂದ ಕನ್ನಡದಲ್ಲಿ ಬೇರೂರಿದ ಧಾತು. ನೆಲೆ ತಪ್ಪಿದವರಿಗೆ ನೆಲೆ ಎಂಬುದು ಮುಳುಗಡೆಯವರಿಗೂ ಹೊಂದುತ್ತದೆ, ಇವರಿಗೂ ಹೊಂದುತ್ತದೆ. ಪಂಚಾಯತಿಯಲ್ಲಿ ‘ಗ್ರಾಮೀಣ ಪುನರ್ವಸತಿ ಕಾರ್ಯಕರ್ತ’ ಎಂಬ ಹುದ್ದೆಯೇ ಇದೆ. ಇನ್ನೊಂದು: ‘ಮಿದುಳು’ ಎಂದು ಬರೆಯಿರಿ.

ವಿಜಯಪುರದಿಂದ:
ಬಸದಿಯ ಮಾತು ಇಲ್ಲಿ ಬೇಡ. ಸಂಸ್ಕೃತದ ಸಮಾಸ ಹೊಸೆದು ಬೋರ್ಡು ತುಂಬಿಸಿದ್ದು ಸಾಕು. ‘ಮರಳಿ ಕಸುಬಿಗೆ’ ಎಂದು ಬರೆಸಿ. ಅಚ್ಚಗನ್ನಡ.

ಬೆಳಗಾವಿಯಿಂದ:
‘ಕಸುಬು’ ಅರಬ್ಬಿಯ ‘ಕಸ್ಬ್’. ಅಚ್ಚಗನ್ನಡ ಅಲ್ಲ.

ವಿಜಯಪುರದಿಂದ:
ಬಂದು ಎಷ್ಟು ತಲೆಮಾರಾಯಿತು? ನಮ್ಮ ನಾಲಿಗೆಗೆ ಒಗ್ಗಿದ್ದು ನಮ್ಮದು. ‘ವೃತ್ತಿ’ಯನ್ನು ಯಾವ ನೇಕಾರ ಬಾಯಲ್ಲಿ ಆಡುತ್ತಾನೆ ಹೇಳಿ.

ಬೆಳಗಾವಿಯಿಂದ:
ಅರಬ್ಬಿಗೆ ಕೊಟ್ಟ ನ್ಯಾಯವನ್ನು ಸಂಸ್ಕೃತಕ್ಕೂ ಕೊಡಿ. ಇಲ್ಲವಾದರೆ ಅದನ್ನು ತತ್ವ ಎನ್ನಬೇಡಿ.

ಇಳಕಲ್ಲಿನಿಂದ:
ಇಬ್ಬರೂ ಸ್ವಲ್ಪ ತಾಳಿ. ಈ ಬೋರ್ಡಿನ ಪದ ಯಾರು ಒಳಗೆ ಬರಬಹುದು ಎಂದು ತೀರ್ಮಾನಿಸುತ್ತದೆ. ನಾನು ಇದೇ ಕೆಲಸದಲ್ಲಿರುವವಳು, ಅದಕ್ಕೇ ಹೇಳುತ್ತಿದ್ದೇನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದೆ. ಮೆದುಳಿಗೆ ಪೆಟ್ಟು ಎಂಬ ಸ್ವಂತ ಹೆಸರು ಅದರಲ್ಲಿಲ್ಲ. ಕೈಕಾಲು ಸೋತಿದ್ದರೆ ಚಲನವೈಕಲ್ಯ, ಮಾತು ಹೋಗಿದ್ದರೆ ವಾಕ್ ಮತ್ತು ಭಾಷಾ ವೈಕಲ್ಯ, ಅಲ್ಲಿಗೆ ದಾರಿ ಇದೆ. ನೆನಪು, ಗಮನ, ಸಿಟ್ಟಿನ ಮೇಲಿನ ಹಿಡಿತ ಇವಷ್ಟೇ ಹೋದವರು ಯಾವ ಕಲಮಿನಲ್ಲಿ ನಿಲ್ಲಬೇಕು? ಮೀಸಲಾತಿ, ಸೌಲಭ್ಯ ಬೇಕಾದರೆ ವೈಕಲ್ಯ ಕನಿಷ್ಠ ಶೇಕಡಾ 40 ಇರಬೇಕು. ತರಬೇತಿಯ ಬಗ್ಗೆ ಹೇಳುವ 19ನೆಯ ಕಲಂ ಕೂಡ, ಪ್ರತ್ಯೇಕ ಕೌಶಲ ತರಬೇತಿ ಯಾರಿಗೆ ಎನ್ನುವಾಗ ಬೆಳವಣಿಗೆಯ, ಬೌದ್ಧಿಕ, ಬಹುವಿಧ ವೈಕಲ್ಯ ಮತ್ತು ಆಟಿಸಂ ಹೆಸರಿಸಿ ನಿಲ್ಲುತ್ತದೆ.

ನಮ್ಮೂರ ಒಬ್ಬ ನೇಕಾರನ ಮಾತು. ಬಿದ್ದು ತಲೆಗೆ ಪೆಟ್ಟಾಗಿತ್ತು. ಸೆರಗಿನ ಹಾಸಿಗೂ ಒಡಲಿನ ಹಾಸಿಗೂ ಎಳೆ ಎಳೆಗೆ ಕೊಂಡಿ ಹಾಕುವಷ್ಟು ಬೆರಳು ಚುರುಕು. ಬೆಳಿಗ್ಗೆ ಒಂದು ತಾಸು ನೇಯ್ಗೆಯಲ್ಲಿ ತಪ್ಪಿಲ್ಲ. ಆಮೇಲೆ ಲಾಳಿ ಕೈಯಲ್ಲಿ ಹಿಡಿದು ಸುಮ್ಮನೆ ಕೂತಿರುತ್ತಿದ್ದ, ಮುಂದಿನ ಬಣ್ಣ ಯಾವುದೆಂದು ಹೊಳೆಯುತ್ತಿರಲಿಲ್ಲ. ಮನೆಯವರು ಮೈಗಳ್ಳ ಅಂದರು. ಒಂದು ಕಚೇರಿಯಲ್ಲಿ ‘ಕೈಕಾಲು ನೆಟ್ಟಗಿವೆಯಲ್ಲ’ ಎಂದು ಅರ್ಜಿಯನ್ನೇ ತೆಗೆದುಕೊಳ್ಳಲಿಲ್ಲ. ಅವನಿಗೆ ಬೇಕಾಗಿದ್ದು ಮಗ್ಗಕ್ಕೆ ಕಟ್ಟಿದ ಬಣ್ಣದ ಪಟ್ಟಿ, ತಾಸಿಗೊಮ್ಮೆ ವಿಶ್ರಾಂತಿ, ಪವರ್‌ಲೂಮಿನ ಸದ್ದಿನಿಂದ ದೂರ ಒಂದು ಜಾಗ, ಮತ್ತು ಕೆಲವು ತಿಂಗಳು ಪಕ್ಕದಲ್ಲೇ ಕೂತು ಕಲಿಸುವವರು. ಪುನರ್ವಸತಿ ಅನ್ನಿ, ಮರಳಿ ಕಸುಬಿಗೆ ಅನ್ನಿ, ಕೆಲಸ ಇದೇ.

ಇಂಥವನು ‘ಅಂಗವಿಕಲ’ ಎಂಬ ಬೋರ್ಡು ನೋಡಿ ತನಗಲ್ಲ ಅಂದುಕೊಳ್ಳುತ್ತಾನೆ. ‘ಬುದ್ಧಿಮಾಂದ್ಯ’, ‘ಮಾನಸಿಕ’ ಎಂದಿದ್ದರೆ ಮನೆಯವರೇ ಕರೆತರುವುದಿಲ್ಲ. ನನ್ನ ಸಲಹೆ: ‘ತಲೆಗೆ ಪೆಟ್ಟಾದವರಿಗೆ, ಲಕ್ವ ಆದವರಿಗೆ: ಮತ್ತೆ ದುಡಿಮೆಗೆ ತರಬೇತಿ’. ಕೆಳಗೆ ಇನ್ನೊಂದು ಸಾಲು: ‘ಕೈಕಾಲು ಸರಿ ಇದ್ದರೂ ಬನ್ನಿ. ಯುಡಿಐಡಿ ಕಾರ್ಡ್ ಇಲ್ಲದಿದ್ದರೂ ಬನ್ನಿ.’ (ಯುಡಿಐಡಿ ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ.)

ಬೆಳಗಾವಿಯಿಂದ:
‘ತರಬೇತಿ’, ‘ಲಕ್ವ’ ಎರಡೂ ಅರಬ್ಬಿ ಮೂಲದವು. ‘ಪಾರ್ಶ್ವವಾಯು’ ಎಂಬ ಶಾಸ್ತ್ರೀಯ ಪದ ಇದೆ.

ವಿಜಯಪುರದಿಂದ:
ಇರಲಿ. ಹುನಗುಂದದ ಸಂತೆಯಲ್ಲಿ ನಿಂತು ಪಾರ್ಶ್ವವಾಯು ಅಂದು ನೋಡಿ. ‘ಲಕ್ವ’ ಇರಲಿ. ‘ದುಡಿಮೆ’ಗೂ ನನ್ನ ಒಪ್ಪಿಗೆ, ಕಸುಬು ಬಿಟ್ಟುಕೊಟ್ಟೆ.

ಬಾಗಲಕೋಟೆಯಿಂದ:
ಎಲ್ಲರಿಗೂ ಧನ್ಯವಾದ. ಇಳಕಲ್ಲಿನವರ ಎರಡೂ ಸಾಲು ತೆಗೆದುಕೊಂಡಿದ್ದೇನೆ. ಮೆದುಳು ಜ್ವರದವರು ಹೊರಗುಳಿಯಬಾರದೆಂದು ಮೊದಲ ಸಾಲಿಗೆ ‘ಮೆದುಳು ಜ್ವರ ಬಂದು ಹೋದವರಿಗೆ’ ಸೇರಿಸುತ್ತಿದ್ದೇನೆ. ಬೋರ್ಡು ಆರು ಅಡಿ ಅಗಲ, ಮೂರು ಸಾಲು ಹಿಡಿಯುತ್ತದೆ. ‘ಪುನರ್ವಸತಿ’ ನೋಂದಣಿ ಕಾಗದದಲ್ಲಿ ಇರಲಿ, ಬೋರ್ಡಿನ ಮೇಲೆ ಬೇಡ. ‘ಮತ್ತೆ ದುಡಿಮೆಗೆ’ ಇಲ್ಲಿ ‘ಮತ್ತೆ’ಯೋ ‘ಮರಳಿ’ಯೋ, ಭಾನುವಾರ ರಾತ್ರಿಯೊಳಗೆ ಹೇಳಿ.