ಮಳೆಗಾಲ ಮುಗಿಯಿತು, ಬೈಕು ಏಳುತ್ತಿಲ್ಲ

ತೀರ್ಥಹಳ್ಳಿ ಕಡೆ ನಮ್ಮೂರು. 2009ರ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಬೈಕು ಜೂನ್‌ನಿಂದ ಕೊಟ್ಟಿಗೆ ಪಕ್ಕ ಟಾರ್ಪಾಲ್ ಹೊದ್ದು ನಿಂತಿತ್ತು. ನಿನ್ನೆ ಚೋಕ್ ಎಳೆದು 40 ಕಿಕ್ ಹೊಡೆದೆ. ಮೊಣಕಾಲು ಹಿಡಿದುಕೊಂಡಿತು, ಬೈಕು ಕೆಮ್ಮಲೂ ಇಲ್ಲ. ಹಾರ್ನ್ ಕೂಗುತ್ತದೆ, ಅಂದರೆ ಬ್ಯಾಟರಿ ಸತ್ತಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಒಣಗಿದೆ. ಕಿಡಿ ಬರುತ್ತದೆ.

ಉತ್ತರ 1: ಪ್ಲಗ್ ಒಣಗಿದೆ ಅಂದರೆ ಪೆಟ್ರೋಲೇ ಬರುತ್ತಿಲ್ಲ, ಅಲ್ವಾ? ಸುಮ್ನೆ ಕಿಕ್ ಹೊಡೀಬೇಡಿ. ಕಾರ್ಬುರೇಟರ್ ತಳದ ಡ್ರೇನ್ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿ ಹಿಡಿಯಿರಿ. ಈಗಿನ ಪೆಟ್ರೋಲಿನ ಎಥನಾಲ್ ತೇವ ಎಳೆದುಕೊಳ್ಳುತ್ತದೆ, ಒಳಗೆ ನೀರು ಸೇರಿದೆಯಾ ಅಂತ ಬಾಟಲಿಯಲ್ಲಿ ಕಾಣುತ್ತದೆ.

ಉತ್ತರ 2: ಏರ್ ಫಿಲ್ಟರ್ರೂ ನೋಡಿ. ನಮ್ಮದರಲ್ಲಿ ಇಲಿ ಅಡಿಕೆ ಸಿಪ್ಪೆ ತುಂಬಿಟ್ಟಿತ್ತು!

ಕೇಳಿದವ: ಬಾಟಲಿಗೆ ಬಂದದ್ದು ಚಹಾ ಬಣ್ಣ, ತಳದಲ್ಲಿ ನೀರಿನ ಗುಳ್ಳೆ. ಕಾರ್ಬುರೇಟರ್ ಒಳಗಿನ ಜೆಟ್‌ಗಳು (ಪೆಟ್ರೋಲ್ ಹಾಯುವ ಸಣ್ಣ ತೂತುಗಳು) ಅಂಟು ಕಟ್ಟಿದ್ದವು. ಹಳೇ ವೈರಿನ ತಾಮ್ರದ ಎಳೆಯಿಂದ ಚುಚ್ಚಿ ತೆಗೆದೆ, ಹೊಸ ಪೆಟ್ರೋಲ್ ಹಾಕಿದೆ. ಮೂರನೇ ಕಿಕ್ಕಿಗೆ ಎದ್ದಿತು. ಇಲಿ ಇರಲಿಲ್ಲ, ಜಿರಲೆ ಇತ್ತು.