ಕಪ್ಪು ಬಿಯರ್, ವೈನಿ ಮತ್ತು ಸೀದ ರೊಟ್ಟಿ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ 43 ಜನ. ಅರ್ಧ ಹುಬ್ಬಳ್ಳಿ-ಧಾರವಾಡದವರು, ಉಳಿದವರು ಗದಗ, ಹಾವೇರಿ, ಬೆಂಗಳೂರು. ಬೆಳಿಗ್ಗೆ ಶುಭೋದಯ, ಆಗಾಗ ಹುಟ್ಟುಹಬ್ಬದ ಕೇಕು, ಇಷ್ಟೇ ನಮ್ಮ ವ್ಯವಹಾರ. ಹೋದ ಭಾನುವಾರ ಸಂಜೆ ಅಲ್ಲಿ ಒಂದು ಗ್ಲಾಸಿನ ಫೋಟೋ ಬಂತು. ಒಳಗೆ ಕಪ್ಪು, ಮೇಲೆ ಕೆನೆಯಂಥ ನೊರೆ. ಕೆಳಗೆ, "ನಮ್ಮ ಏರಿಯಾದ ಸಣ್ಣ ಬ್ರೂವರಿ. ಸ್ಟೌಟ್ ಸೂಪರ್ ಮಗಾ." ಸ್ಟೌಟ್ ಅಂದರೆ ಕಪ್ಪು ಬಿಯರ್.

ಕಳಿಸಿದವನು ಬೆಂಗಳೂರಿನಲ್ಲಿರುವ ಅಣ್ಣನ ಮಗ. ಗೆಳೆಯರ ಗುಂಪಿಗೆ ಹೋಗಬೇಕಾದದ್ದು ಇಲ್ಲಿ ಬಂದುಬಿಟ್ಟಿತ್ತು.

ಅವನು ಅಳಿಸುವಷ್ಟರಲ್ಲಿ ಹಾವೇರಿ ಮಾಮಾ ಒಂದು ಫಾರ್ವರ್ಡ್ ಹಾಕಿದರು. "ಕಪ್ಪು ಬಿಯರ್‌ನಲ್ಲಿ ಭರಪೂರ ಕಬ್ಬಿಣ! ಐರ್ಲೆಂಡಿನಲ್ಲಿ ಬಾಣಂತಿಯರಿಗೆ ಡಾಕ್ಟರೇ ಕೊಡುತ್ತಾರೆ! ಹತ್ತು ಜನರಿಗೆ ಕಳಿಸಿ." ಮಾಮಾ ಅದನ್ನು ಪೂರ್ತಿ ಓದಿರಲಿಕ್ಕಿಲ್ಲ. ಹುಡುಗನ ಕಾಲೆಳೆಯಲು ಒಂದು ನೆಪ ಸಿಕ್ಕಿತ್ತು, ಸಾಕು.

ಗದಗ ಕಾಕಾ ಬಿಟ್ಟಾರೆಯೇ? "ಇದಕ್ಕೇ ಬೆಂಗಳೂರು ಬೇಡ ಅಂದಿದ್ದೆ. ಧಾರವಾಡದಲ್ಲಿ ಕಾಲೇಜು ಇರಲಿಲ್ಲವೇ? ನಮ್ಮ ಮನೆತನದಲ್ಲಿ ಯಾರೂ ಇದನ್ನು ಮುಟ್ಟಿದವರಲ್ಲ."

ಆ 'ಯಾರೂ' ಅನ್ನುವ ಮಾತೇ ಮುಂದೆ ಮುಳುವಾಯಿತು.

ನನ್ನ ತಮ್ಮ ಎಂದಿನಂತೆ, "ಸೋರ್ಸ್ ಎಲ್ಲಿ ಮಾಮಾ?" ಮದುವೆ ಕಾರ್ಡ್ ಬಂದರೂ ಅವನದು ಇದೇ ಪ್ರಶ್ನೆ. ಮಾಮಾ, "ವಾಟ್ಸಾಪೇ ಸೋರ್ಸು" ಅಂದರು. ತಮ್ಮ ಸಿಟ್ಟಿನಲ್ಲಿ ಅಣ್ಣನ ಹೆಂಡತಿಯನ್ನು ಕರೆದ. "ವೈನಿ, ನೀವೇ ಡಾಕ್ಟರು, ಹೇಳಿ" ಅಂತ ಬರೆಯಲು ಹೋದರೆ ಅವನ ಫೋನು ತಾನೇ ತಿದ್ದಿ "ವೈನ್, ನೀವೇ ಡಾಕ್ಟರು" ಮಾಡಿತು. ಮಾಮಾ ತಕ್ಷಣ, "ವೈನೇ ಡಾಕ್ಟರು ಅಂತ ನಾನು ಯಾವಾಗಲೋ ಹೇಳಿದ್ದೆ!" ಹದಿನಾಲ್ಕು ನಗುಮುಖಗಳು ಬಿದ್ದವು.

ವೈನಿಗೆ ನಗು ಬರಲಿಲ್ಲ. ಫೋಟೋ ಅವರ ಮಗನದೇ ಅಲ್ವಾ! ಆದರೂ ಉತ್ತರ ಮಾತ್ರ ಡಾಕ್ಟರದ್ದೇ. "ಒಂದು ಪೈಂಟ್ (ಅರ್ಧ ಲೀಟರಿಗಿಂತ ತುಸು ಹೆಚ್ಚು) ಗಿನ್ನೆಸ್ ಅನ್ನೋ ಐರಿಶ್ ಸ್ಟೌಟ್‌ನಲ್ಲಿ ಕಬ್ಬಿಣ ಸುಮಾರು 0.3 ಮಿಲಿಗ್ರಾಂ. ಹೆಂಗಸಿಗೆ ದಿನಕ್ಕೆ ಬೇಕಾದದ್ದು 29. 'ಗಿನ್ನೆಸ್ ನಿಮಗೆ ಒಳ್ಳೆಯದು' ಅನ್ನೋದು 1929ರ ಜಾಹೀರಾತು, ಔಷಧದ ಚೀಟಿಯಲ್ಲ. ಹಿಂದೆ ಕೊಡುತ್ತಿದ್ದರು, ಈಗ ಬಾಣಂತಿಗೆ ಯಾವ ಡಾಕ್ಟರೂ ಬರೆಯೋದಿಲ್ಲ."

"ಹಾಗಾದರೆ ದಿನಕ್ಕೆ ಹತ್ತಿರ ನೂರು ಗ್ಲಾಸು" ಎಂದರು ಮಾಮಾ. ಲೆಕ್ಕ ಸರಿ ಇತ್ತು.

ಹುಡುಗ ಈಗ ಬಾಯಿ ಬಿಟ್ಟ. "ಅತ್ತೀ, ಕಾಕಾ, ಎಲ್ಲರೂ ಕೇಳಿ. ಕಪ್ಪು ಅಂದ್ರೆ ಸ್ಟ್ರಾಂಗ್ ಅಲ್ಲ. ಡ್ರಾಫ್ಟ್ ಗಿನ್ನೆಸ್ಸಿನಲ್ಲಿ ಆಲ್ಕೋಹಾಲ್ 4.2 ಪರ್ಸೆಂಟ್. ಅಂಗಡಿಯ ಸ್ಟ್ರಾಂಗ್ ಬಿಯರ್ 8ರ ತನಕ ಹೋಗುತ್ತದೆ, ನೋಡಲು ಮಾತ್ರ ಹಳದಿ. ಬಾರ್ಲಿಯನ್ನು ಕಪ್ಪಾಗುವ ತನಕ ಹುರಿಯುತ್ತಾರೆ, ಬಣ್ಣ ಅದರದ್ದು. ನಾನು ಒಂದೇ ಗ್ಲಾಸು, ನಿಧಾನಕ್ಕೆ ಕುಡಿದೆ. ಸೀದ ರೊಟ್ಟಿಯ ಅಂಚಿನಂಥ ರುಚಿ."

ಇದನ್ನು ಅವನು ಬರೆಯಬಾರದಿತ್ತು.

"ಸೀದ ರೊಟ್ಟಿ!" ಎಂದು ಧಾರವಾಡದ ಅತ್ತಿ ವಾಯ್ಸ್ ಮೆಸೇಜ್ ಕಳಿಸಿದರು, ನಾಲ್ಕು ನಿಮಿಷದ್ದು. ಅಜ್ಜಿಯ ಒಲೆ, ಜೋಳದ ರೊಟ್ಟಿ, ಎಣ್ಣೆ ಹಾಕಿದ ಶೇಂಗಾ ಚಟ್ನಿ, ಸೀದ ರೊಟ್ಟಿ ಯಾವಾಗಲೂ ತನಗೇ ಬರುತ್ತಿತ್ತು, ಒಳ್ಳೆಯದು ಕಾಕಾನ ತಟ್ಟೆಗೆ ಹೋಗುತ್ತಿತ್ತು. ಕೊನೆಗೆ ಸ್ವಲ್ಪ ಅತ್ತರು. (ನಾನು ಒಂದೂವರೆ ಪಟ್ಟು ವೇಗದಲ್ಲಿ ಕೇಳಿದೆ, ಪಾಪ ಬಂದರೂ ಬರಲಿ.)

"ನನಗೇನು ಗೊತ್ತು, ನಾನು ಚಿಕ್ಕವನು" ಅಂದರು ಕಾಕಾ.

ವೈನಿ ಕಾದಿದ್ದವರಂತೆ, "ಚಿಕ್ಕವರಿಗೆ ನಿಮ್ಮ ಮಗನ ಮದುವೆಯ ಹಿಂದಿನ ರಾತ್ರಿ ನೆನಪಿರಬೇಕಲ್ಲ? ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಕಷಾಯ ಕುಡಿಯುತ್ತಿದ್ದವರು ಯಾರು?"

ಮಾಮಾ ಆಫ್‌ಲೈನ್ ಆದರು. ಟ್ಯಾಂಕಿನ ಹಿಂದೆ ಅವರೂ ಇದ್ದರು. ಕಾಕಾ ಗುಂಪು ಬಿಟ್ಟರು. ಅಡ್ಮಿನ್ ಮತ್ತೆ ಸೇರಿಸಿದ. ಕಾಕಾ ಮತ್ತೆ ಬಿಟ್ಟರು. ಮೂರನೇ ಸಲ ಸೇರಿಸಿದಾಗ ಸುಮ್ನೆ ಉಳಿದರು.

ಹುಡುಗನ ಫೋಟೋ ರಾತ್ರಿಯೇ ಮಾಯವಾಗಿತ್ತು. ಸೋಮವಾರ ಶುಭೋದಯಗಳು ಎಂದಿನಂತೆ ಬಂದವು. ಮಂಗಳವಾರ ಮಧ್ಯಾಹ್ನ ಅತ್ತಿ ಒಂದು ಹೊಸ ಫಾರ್ವರ್ಡ್ ಹಾಕಿದರು: "ಕಪ್ಪು ಬಿಯರ್‌ನಲ್ಲಿ ಭರಪೂರ ಕಬ್ಬಿಣ! ಐರ್ಲೆಂಡಿನಲ್ಲಿ..."

ಕೆಳಗೆ ತಮ್ಮದೇ ಮಾತು: "ಇದು ಖರೇನಾ? ಯಾರಾದರೂ ವೈನಿಗೆ ತೋರಿಸಿ."