ವಾಸಕಲ್ಲೋ, ವಾಸಕಾಲೋ? ಬಾಗಿಲಿನ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಮನೆ ಕಟ್ಟಿಸುವವರಿಗೆಂದು ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ತಯಾರಾಗುತ್ತಿದೆ, ಬಾಗಿಲಿನ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಯಾವ ಮರ, ಎಷ್ಟು ಅಳತೆ, ನಿಲ್ಲಿಸುವುದು ಹೇಗೆ, ಮಳೆಗಾಲದಲ್ಲಿ ಏನು ಮಾಡಬೇಕು, ಇದೆಲ್ಲ ಬರೆದಾಯಿತು. ಈಗ ಗಂಟು ಬಿದ್ದಿರುವುದು ಪದಗಳಲ್ಲಿ. ಕೋಲಾರದವರು, ಪುತ್ತೂರಿನವರು, ಹುಬ್ಬಳ್ಳಿಯವರು ಯಾರೇ ಓದಲಿ, ಪುಸ್ತಕದಲ್ಲಿದ್ದ ಮಾತನ್ನೇ ಬಡಗಿಯ ಎದುರು ಹೇಳಿದರೆ ಕೆಲಸ ಆಗಬೇಕು. ನಿಮ್ಮ ಸಲಹೆ ಬೇಕು.

ಮೊದಲು, ಗೋಡೆಗೆ ಕೂರಿಸುವ ಮರದ ಕಟ್ಟು. ಬೆಂಗಳೂರು, ಕೋಲಾರದ ಕಡೆ ಗಾರೆಯವರು, ಬಡಗಿಗಳೆಲ್ಲ ಇದನ್ನು ‘ವಾಸ್ಕಲ್’ ಎನ್ನುತ್ತಾರೆ. ಮುಂಬಾಗಿಲು ನಿಲ್ಲಿಸುವ ದಿನ ಅರಿಸಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ ಮಾಡುವ ‘ವಾಸ್ಕಲ್ ಪೂಜೆ’ ಅಲ್ಲಿ ಮನೆ ಕಟ್ಟಿಸಿದವರಿಗೆಲ್ಲ ಗೊತ್ತು. ತೊಡಕು ಬರೆಯುವಾಗ. ಒಬ್ಬರು ‘ವಾಸಕಲ್ಲು’ ಎಂದು ಬರೆದರೆ ಇನ್ನೊಬ್ಬರದು ‘ವಾಸಕಾಲು’. ‘ವಾಸ್ತುಕಲ್ಲು’ ಎಂದು ತಿದ್ದಿಕೊಂಡು ವಾಸ್ತುಶಾಸ್ತ್ರಕ್ಕೇ ಗಂಟು ಹಾಕಿದವರನ್ನೂ ನೋಡಿದ್ದೇನೆ.

ನನಗೆ ಒಪ್ಪಿಗೆಯಾಗುವುದು ‘ವಾಸಕಾಲು’. ತಮಿಳಿನಲ್ಲಿ ಇದೇ ವಸ್ತುವಿಗೆ ‘ವಾಸಕ್ಕಾಲ್’ ಎನ್ನುತ್ತಾರೆ. ವಾಸಲ್ ಎಂದರೆ ಬಾಗಿಲು, ಕಾಲ್ ಎಂದರೆ ನಿಲುಗಂಬ. ಈ ವಾಸಲ್‌ನ ಗ್ರಂಥರೂಪ ‘ವಾಯಿಲ್’. ವಾಯ್ ಸೇರಿಸು ಇಲ್, ಅಂದರೆ ಮನೆಯ ಬಾಯಿ. ತಮಿಳಿನ ವಕಾರ ನಮ್ಮಲ್ಲಿ ಬಕಾರವಾಗುವುದು ಹೊಸದೇನಲ್ಲ: ವೇರ್–ಬೇರು, ವಿಲ್–ಬಿಲ್ಲು, ವಾಯ್–ಬಾಯಿ. ನಮ್ಮ ಬಾಗಿಲು, ತೆಲುಗಿನ ವಾಕಿಲಿ, ತಮಿಳಿನ ವಾಯಿಲ್ ಒಂದೇ ಬಳಗ. ಹಾಗಾಗಿ ವಾಸಕಾಲು ಎಂದರೆ ಬಾಗಿಲುಗಾಲು ಎಂದೇ ಆಯಿತು. ವಾಸ್ತುವಿಗೂ ಇದಕ್ಕೂ ಸಂಬಂಧವಿಲ್ಲ. ‘ಕಲ್ಲು’ ಎನ್ನುವವರನ್ನು ನಗುವಂತೆಯೂ ಇಲ್ಲ. ಆ ಸೀಮೆಯ ಹಳೆಯ ಮನೆಗಳಲ್ಲಿ ಕಲ್ಲಿನ ಕಟ್ಟುಗಳೇ ಇದ್ದವು, ಈಗಲೂ ಕೆಲವೆಡೆ ಇವೆ.

ಕರಾವಳಿಯಲ್ಲಿ ‘ದಾರಂದ’ ಇದೆ, ದ್ವಾರಬಂಧದಿಂದ ಸವೆದು ಬಂದದ್ದು. ‘ಬಾಗಿಲವಾಡ’ವೂ ಇದೆ. ಆದರೆ ಇಡೀ ನಾಡಿಗೆ ಅರ್ಥವಾಗುವುದು ಯಾವುದು ಎಂದರೆ ‘ಚೌಕಟ್ಟು’ ಎನ್ನಬೇಕಾಗುತ್ತದೆ. ನನ್ನ ತಕರಾರು ಇರುವುದು ಅಲ್ಲೇ. ಹಿಂದಿಯ ಚೌಖಟ್, ಮರಾಠಿಯ ಚೌಕಟ್ ಇವುಗಳ ನೆಂಟ ಈ ಪದ. ನಾಲ್ಕು ಮರ ಎಂಬುದು ಅದರ ಹೊಟ್ಟೆಯಲ್ಲೇ ಇದೆ. ಎರಡು ನಿಲುವು, ಮೇಲೊಂದು ಅಡ್ಡ, ಕೆಳಗೆ ಹೊಸ್ತಿಲು. ಈಗ ಮುಂಬಾಗಿಲಿಗೆ ಬಿಟ್ಟರೆ ಒಳಕೋಣೆಗಳಿಗೆ ಹೊಸ್ತಿಲು ಯಾರೂ ಇಡಿಸುವುದಿಲ್ಲ. ಕಸ ಗುಡಿಸಲು, ನೆಲ ಒರೆಸಲು ಸಲೀಸು, ವಯಸ್ಸಾದವರು ಎಡವುವುದಿಲ್ಲ, ಗಾಲಿಕುರ್ಚಿ ಆಚೀಚೆ ಹೋಗುತ್ತದೆ. ಒಳ್ಳೆಯದೇ. ಆದರೆ ಮೂರೇ ಮರದ ಕಟ್ಟನ್ನು ನಿಲ್ಲಿಸುವ ರೀತಿ ಬೇರೆ. ಕೆಳಗೆ ಹಿಡಿತವಿಲ್ಲದ್ದರಿಂದ ಕಾಲುಗಳು ಒಳಕ್ಕೋ ಹೊರಕ್ಕೋ ವಾಲುತ್ತವೆ. ಅದಕ್ಕೆ ಬುಡದಲ್ಲಿ ಅಡ್ಡ ಪಟ್ಟಿ ಹೊಡೆದು ತಂದಿರುತ್ತಾರೆ. ಗೋಡೆ ಎದ್ದು, ಹೋಲ್ಡ್‌ಫಾಸ್ಟ್‌ಗಳ (ಕಟ್ಟನ್ನು ಗೋಡೆಗೆ ಬಿಗಿಯುವ ಕಬ್ಬಿಣದ ತುಂಡುಗಳು) ಸುತ್ತಲಿನ ಕಾಂಕ್ರೀಟು ಗಟ್ಟಿಯಾಗುವವರೆಗೆ ಆ ಪಟ್ಟಿ ಕೀಳಬಾರದು. ಓಡಾಟಕ್ಕೆ ಅಡ್ಡ ಎಂದು ಮರುದಿನವೇ ಕಿತ್ತರೆ ಮೇಲೆ ಇದ್ದ ಅಗಲ ಕೆಳಗೆ ಇರುವುದಿಲ್ಲ, ಆಮೇಲೆ ಕದವನ್ನು ಓರೆಯಾಗಿ ಕೆತ್ತಬೇಕು. ಹೀಗಾಗಿ ನಾಲ್ಕು ಮರದ್ದಕ್ಕೂ ಮೂರು ಮರದ್ದಕ್ಕೂ ಬೇರೆ ಬೇರೆ ಹೆಸರಿದ್ದರೆ ಚೆನ್ನ. ‘ಹೊಸ್ತಿಲಿಲ್ಲದ ಚೌಕಟ್ಟು’ ಎಂದು ಸದ್ಯಕ್ಕೆ ಬರೆದಿದ್ದೇನೆ, ಉದ್ದವಾಯಿತು.

ಮೇಲೆ ‘ಕದ’ ಎಂದೆನಲ್ಲ, ಅದೂ ಬೇಕೆಂದೇ ಬಳಸಿದ್ದು. ಬಾಗಿಲು ಎಂದರೆ ತೆರಪು, ದಾಟುವ ಜಾಗ. ಮುಚ್ಚುವ ಹಲಗೆ ಕದ. ಊರಬಾಗಿಲು, ಹೆಬ್ಬಾಗಿಲು ಎನ್ನುತ್ತೇವೆ. ಮೂಡಲ ಬಾಗಿಲು ಮುಳಬಾಗಿಲು ಆಯಿತು, ಅಲ್ಲಿ ಹಲಗೆಯ ಮಾತೇ ಇಲ್ಲ. ಬಾಗಿಲಲ್ಲಿ ನಿಲ್ಲಬಹುದು, ಕದದಲ್ಲಿ ನಿಲ್ಲಲಾಗದು. ಈಗ ಎರಡಕ್ಕೂ ಬಾಗಿಲು ಎಂದೇ ರೂಢಿಯಾಗಿ, ಕದ ಉಳಿದಿರುವುದು ಹೆಚ್ಚಾಗಿ ಪತ್ರಿಕೆಯವರು ‘ನ್ಯಾಯಾಲಯದ ಕದ ತಟ್ಟಿದರು’ ಎನ್ನುವಾಗ. ಈ ಕಲಸುಮೇಲೋಗರಕ್ಕೆ ದುಡ್ಡೂ ತೆರಬೇಕಾಗುತ್ತದೆ. ‘ಮೂರಡಿ ಬಾಗಿಲು’ ಎಂದು ಬರೆದುಕೊಟ್ಟರೆ ಏನು ಅರ್ಥ? ಕಟ್ಟಿನ ಹೊರ ಅಳತೆ 36 ಇಂಚು ಎಂದಿಟ್ಟುಕೊಳ್ಳಿ. ನಿಲುವು ಮರ ಎರಡೂ ಬದಿ ತಲಾ ಎರಡೂವರೆ ಇಂಚು ತಿಂದರೆ ದಾಟಲು ಸಿಗುವುದು 31. ಕದ ಬಂದು ಕೂರುವ ಕಚ್ಚು ಎರಡೂ ಕಡೆ ಅರ್ಧರ್ಧ ಇಂಚು ಇದ್ದರೆ ಕದದ ಅಗಲ 32, ಅದರಲ್ಲೂ ಸಲೀಸಾಗಿ ಆಡಲು ಕೂದಲೆಳೆ ಕಡಿಮೆ. ಒಂದೇ ‘ಬಾಗಿಲಿ’ಗೆ ಮೂರು ಅಳತೆ! ಸಿದ್ಧ ಫ್ಲಶ್ ಡೋರ್ (ಸಪಾಟು ಕದ) ತರುವವರು ಹೇಳಬೇಕಾದದ್ದು ಕದದ ಅಳತೆ, ಮಂಚ ಬೀರು ಒಳಗೆ ಹೋಗುತ್ತದೆಯೇ ಎಂದು ನೋಡುವವರಿಗೆ ಬೇಕಾದದ್ದು ತೆರಪಿನದು. ಕೈಪಿಡಿಯಲ್ಲಿ ಬಾಗಿಲು, ಕದ ಎರಡನ್ನೂ ಬೇರೆಯಾಗಿಯೇ ಇಡುತ್ತೇನೆ, ಹಳೆಗನ್ನಡದ ವಾಸನೆ ಎಂದು ಯಾರಾದರೂ ಮೂಗು ಮುರಿದರೆ ಮುರಿಯಲಿ.

ಇನ್ನು ನಿಜವಾದ ಪೇಚು. ನಿರ್ವಹಣೆಯ ಭಾಗದಲ್ಲಿ ‘ವರ್ಷಕ್ಕೊಮ್ಮೆ ಕೀಲಿಗೆ ಎಣ್ಣೆ ಬಿಡಿ’ ಎಂದು ಬರೆದಿದ್ದೆವು. ಕರಡು ಓದಿದ ಧಾರವಾಡದ ಗೆಳತಿ ಕೇಳಿದಳು, ಎಣ್ಣೆ ಬಿಟ್ಟರೆ ಒಳಗೆ ಧೂಳು ಕೂತು ಜಾಮ್ ಆಗುವುದಿಲ್ಲವೇ? ಅವಳ ಕಡೆ ಕೀಲಿ ಎಂದರೆ ಬೀಗ, ಕೀಲಿಕೈ ಎಂದರೆ ಬೀಗದ ಕೈ. ನಾವು ಹೇಳಿದ್ದು ಕದ ತಿರುಗುವ ಕೀಲು. ಕೀಲು, ಕೀಲಿ ಎರಡೂ ಚತುರ್ಥಿಯಲ್ಲಿ ‘ಕೀಲಿಗೆ’ ಆಗಿಬಿಡುತ್ತವೆ! ಅವಳ ಮಾತು ಸರಿಯೇ. ತಿರುಗುವ ಕೀಲಿಗೆ ಎಣ್ಣೆ ಒಳ್ಳೆಯದು, ಬೀಗಕ್ಕೆ ಗ್ರಾಫೈಟ್ ಪುಡಿ ಮೇಲು, ಎಣ್ಣೆ ಧೂಳನ್ನು ಅಂಟಿಸಿಕೊಳ್ಳುತ್ತದೆ. ಹಾಗಾದರೆ ಮೊದಲನೆಯದಕ್ಕೆ ಏನು ಹೇಳೋಣ? ‘ತಿರುಗಣಿ’ ನಿಘಂಟಿನಲ್ಲಿ ಚೆನ್ನ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಮರಾಠಿಯಿಂದ ಬಂದ ‘ಬಿಜಾಗರಿ’ ಉತ್ತರದವರಿಗೆ ಗೊತ್ತು, ಮೈಸೂರಿನವರಿಗೆ ಹೊಸದು. ‘ಹಿಂಜಸ್’ ಎಂದರೆ ಎಲ್ಲ ಕಡೆ ನಡೆಯುತ್ತದೆ. ನನ್ನ ಒಲವು ಹಿಂಜಸ್ ಕಡೆಗೇ ಇದೆ, ಸಂಪಾದಕರು ಒಪ್ಪುತ್ತಿಲ್ಲ.

ಮಳೆಗಾಲದಲ್ಲಿ ಮರ ತೇವ ಹೀರಿ ಅಗಲಕ್ಕೆ ಉಬ್ಬಿ ಕದ ಕಟ್ಟಿಗೆ ಉಜ್ಜುತ್ತದಲ್ಲ, ಅದಕ್ಕೆ ‘ಕದ ಹಿಡಿಯುತ್ತದೆ’ ಎಂದು ಬರೆದಿದ್ದೇನೆ. ಹಿಡಿದ ಕೂಡಲೇ ಉಜ್ಜುಗೊರಡು ಹಾಕಬೇಡಿ, ಬೇಸಿಗೆಗೆ ಸಂದು ಬಿಡುತ್ತದೆ, ಒಣಗಿದ ಮೇಲೆ ನೋಡಿ ಹೆರೆಯಿರಿ, ಕದದ ಮೇಲಂಚು ಕೆಳಅಂಚಿಗೂ ಬಣ್ಣ ಬಳಿಸಿ ಎಂಬ ಸೂಚನೆಯೂ ಇದೆ. ಇಲ್ಲಿ ಪದದ ತಕರಾರಿಲ್ಲ. ಮರದ ಪಟ್ಟಿಯಲ್ಲಿ ತೇಗ, ಸಾಗುವಾನಿ ಎರಡೂ ಒಂದೇ ಮರ ಎಂದು ಆವರಣದಲ್ಲಿ ಕೊಟ್ಟಿದ್ದೇನೆ. ಕೆಲವೆಡೆ ಇದನ್ನೇ ‘ತ್ಯಾಗದ ಮರ’ ಎನ್ನುತ್ತಾರೆ. ಈಗಿನ ಬೆಲೆ ನೋಡಿದರೆ ಆ ಹೆಸರೂ ಒಪ್ಪುತ್ತದೆ.

ತಿಳಿದವರು ಇಷ್ಟು ಹೇಳಿ. ವಾಸಕಾಲು ಎಂಬ ರೂಪ ಮಂಡ್ಯ, ಹಾಸನದ ಕಡೆ ಬಳಕೆಯಲ್ಲಿದೆಯೇ, ಅಲ್ಲಿ ಬಾಗಿಲವಾಡವೇ ಮುಂದೆಯೇ? ಮೂರು ಮರದ ಕಟ್ಟಿಗೆ ನಿಮ್ಮೂರ ಬಡಗಿಗಳು ಬೇರೆ ಹೆಸರಿಟ್ಟಿದ್ದಾರೆಯೇ? ಬುಡದಲ್ಲಿ ಹೊಡೆಯುವ ಆ ತಾತ್ಕಾಲಿಕ ಪಟ್ಟಿಗೆ? ನಿಘಂಟು ನೋಡಿ ಹೇಳುವುದಕ್ಕಿಂತ ಕೆಲಸದವರನ್ನು ಕೇಳಿ, ಯಾವ ಊರಿನ ಮಾತು ಎಂಬುದನ್ನೂ ಸೇರಿಸಿ ಬರೆದರೆ ಉಪಕಾರ.